ಪಾದ್ರಿಯ ತುಟಿ

ಹನ್ನೊಂದು ವರ್ಷಗಳಿಂದ ಆಂಬ್ರೋಸ್ ಟಟ್‌ವೈಲರ್ ಹಾಲಿವುಡ್ಡಿನ ಮೂಕಿ ಚಿತ್ರಗಳಲ್ಲಿ ಪಾದ್ರಿಯೇ. ಬಿಳಿ ಗಡ್ಡ, ಕರಿ ನಿಲುವಂಗಿ, ಆಕಾಶಕ್ಕೆ ನೆಟ್ಟ ಕಣ್ಣು, ಇಷ್ಟೇ ಬಂಡವಾಳ. ನಿಜವಾದ ಚರ್ಚಿನ ಮೆಟ್ಟಿಲು ಹತ್ತಿದ್ದು ತನ್ನ ಮದುವೆಯ ದಿನ ಮಾತ್ರ, ಅದೂ ತಡವಾಗಿ. ಆದರೂ ತಾನಿಲ್ಲದೆ ಈ ಊರಿನ ತೆರೆಯ ಮೇಲೆ ಯಾರೂ ನೆಟ್ಟಗೆ ಸಾಯಲಾರರು ಎಂಬ ಜಂಬ ಅವನಿಗೆ.

ಅವನ ಕಣ್ಣಿಗೆ ಮಿಕ್ಕವರೆಲ್ಲ ಕಸ. ನಾಯಕ ಲೈಲ್ ಹ್ಯಾನ್ಸ್‌ಕಮ್‌ನನ್ನು ಕಂಡರಂತೂ ಮೈಯೆಲ್ಲ ಉರಿ. ಆ ಹುಡುಗ ಮಾತಾಡುವಾಗ ಎದುರಿನವರ ಮುಖಕ್ಕೆ ಮುಖ ಕೊಟ್ಟು, ಒಂದೊಂದು ಪದವನ್ನೂ ಅಗಿದು ಅಗಿದು ಆಡುತ್ತಿದ್ದ. ತಲೆಯಲ್ಲಿ ಮಣ್ಣು ತುಂಬಿದವರು ಹೀಗೇ ಎಂದು ಆಂಬ್ರೋಸ್ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದ.

ಈ ಸಲ ನಿರ್ದೇಶಕ ಬ್ರಾಂಟ್ ಒಂದು ಆಸೆ ಹುಟ್ಟಿಸಿದ್ದ. ನಾಯಕ ಸಾಯುವ ದೃಶ್ಯದಲ್ಲಿ ಜನ ಅತ್ತರೆ ಆಂಬ್ರೋಸ್‌ಗೆ ವರ್ಷದ ಕರಾರು. ಇನ್ನು ಬೆಳಗಾದರೆ ಸ್ಟುಡಿಯೋ ಗೇಟಿನಲ್ಲಿ ಹಲ್ಲು ಗಿಂಜುತ್ತ ನಿಲ್ಲಬೇಕಿಲ್ಲ.

ಕ್ಯಾಮೆರಾ ತಿರುಗಿತು. ಪ್ರಾರ್ಥನೆಯ ಮಾತುಗಳನ್ನು ಆಮೇಲೆ ತೆರೆಯ ಮೇಲೆ ಅಕ್ಷರದಲ್ಲಿ ಬರೆದು ತೋರಿಸುತ್ತಾರೆ, ಬಾಯಲ್ಲಿ ಏನಾಡಿದರೆ ಯಾರಿಗೆ ಗೊತ್ತು? ಆಂಬ್ರೋಸ್ ಲೈಲ್‌ನ ಹಣೆಯ ಮೇಲೆ ಕೈಯಿಟ್ಟು, ದೇವರನ್ನೇ ಕಂಡವನಂತೆ ಮುಖ ಮಾಡಿ, ಮೆಲ್ಲಗೆ ಹೇಳಿದ: "ಮುಠ್ಠಾಳ, ಸಾಯೋಕೂ ಬರಲ್ವಲ್ಲೋ ನಿಂಗೆ. ನಿಮ್ಮಮ್ಮ ನಿನ್ನ ಬದಲು ಹಂದಿ ಸಾಕಿದ್ರೆ ಹಬ್ಬಕ್ಕಾದ್ರೂ ಆಗ್ತಿತ್ತು."

ಲೈಲ್‌ನ ಮುಚ್ಚಿದ ಕಣ್ಣಿಂದ ಒಂದು ಹನಿ ಇಳಿಯಿತು. ಬ್ರಾಂಟ್ ಕುಣಿದಾಡಿಬಿಟ್ಟ. ಆ ಕಣ್ಣೀರೂ ತನ್ನದೇ ಪ್ರತಾಪವೆಂದು ಆಂಬ್ರೋಸ್ ಬೀಗಿದ.

ಹತ್ತಿರದ ಪ್ಯಾಸಡೀನಾ ಊರಿನಲ್ಲಿ ಮಧ್ಯಾಹ್ನದ ಆಟಕ್ಕೆ ಚಿತ್ರವನ್ನು ಮೊದಲ ಸಲ ತೋರಿಸಿದರು. ಇಡೀ ಚಿತ್ರಮಂದಿರ ಬಿಕ್ಕಿ ಬಿಕ್ಕಿ ಅತ್ತಿತು. ಅಳದೆ ಕೂತವಳು ಮುಂದಿನ ಸಾಲಿನ ಒಬ್ಬ ಮುದುಕಿ ಮಾತ್ರ.

ಆಟ ಮುಗಿದ ಮೇಲೆ ಹೊರಗಿನ ಅಂಗಳದಲ್ಲಿ ಬ್ರಾಂಟ್ ಜೇಬಿನಿಂದ ಕರಾರಿನ ಕಾಗದ ತೆಗೆದ. ಅಷ್ಟರಲ್ಲಿ ಲೈಲ್‌ನ ತೋಳು ಹಿಡಿದು ಆ ಮುದುಕಿ ಬಂದಳು. ಅವನ ತಾಯಿ; ಎಳವೆಯಲ್ಲೇ ಜ್ವರ ಬಂದು ಎರಡೂ ಕಿವಿ ಹೋಗಿದ್ದವು. ಏರಿಳಿತವಿಲ್ಲದ ದನಿಯಲ್ಲಿ ಕೇಳಿದಳು:

"ಹಂದಿ ಸಾಕಿದ್ರೆ ಹಬ್ಬಕ್ಕಾಗ್ತಿತ್ತು ಅಂದ್ರಲ್ಲ, ಯಾವ ಹಬ್ಬಕ್ಕೆ?"

ತಾನು ಪ್ರಾರ್ಥನೆ ಮಾಡುತ್ತಿದ್ದೆ, ತಾಯಿಯವರು ತಪ್ಪು ತಿಳಿದಿದ್ದಾರೆ ಎಂದು ಆಂಬ್ರೋಸ್ ತೊದಲಿದ. ಅವಳು ಅವನ ತುಟಿಯಿಂದ ಕಣ್ಣು ಕೀಳಲಿಲ್ಲ.

"ಹಾಗಾದ್ರೆ ಆ ಪ್ರಾರ್ಥನೆ ಇನ್ನೊಂದ್ಸಲ ಹೇಳಿ. ನೋಡ್ತೀನಿ."

ಬ್ರಾಂಟ್ ಕಾಗದ ಹಿಡಿದುಕೊಂಡೇ ಕಾದ. ಆಂಬ್ರೋಸ್ ಕಣ್ಣನ್ನು ಮೇಲೆತ್ತಿ, ಕೈ ಜೋಡಿಸಿ, ತಡಕಾಡಿದ. ಹನ್ನೊಂದು ವರ್ಷ ಪಾದ್ರಿಯಾಗಿದ್ದವನಿಗೆ ಒಂದೇ ಒಂದು ಪ್ರಾರ್ಥನೆಯೂ ನೆನಪಿಗೆ ಬರಲಿಲ್ಲ, ಏಕೆಂದರೆ ಕಲಿತೇ ಇರಲಿಲ್ಲ. ಕೊನೆಗೆ ಆ ನಾಚಿಕೆಗೇಡಿ ತನಗೆ ಬರುತ್ತಿದ್ದ ಒಂದೇ ವಿದ್ಯೆಗೆ ಇಳಿದ: ಸುಮ್ಮನೆ ತುಟಿ ಅಲ್ಲಾಡಿಸತೊಡಗಿದ.

ಮುದುಕಿ ತುಸು ಹೊತ್ತು ನೋಡಿ ಮಗನ ಕಡೆ ತಿರುಗಿದಳು. "ಏನೂ ಹೇಳ್ತಿಲ್ಲ ಕಣಪ್ಪ ಇವರು."

ಬ್ರಾಂಟ್ ಕಾಗದವನ್ನು ಮಡಿಸಿ ಜೇಬಿಗೆ ಹಾಕಿಕೊಂಡ. ಲೈಲ್ ತಾಯಿಯ ಮುಖಕ್ಕೆ ಮುಖ ಕೊಟ್ಟು, ಒಂದೊಂದು ಪದವನ್ನೂ ಅಗಿದು ಅಗಿದು ಹೇಳಿದ: "ನಡಿಯಮ್ಮಾ, ಮನೆಗೆ ಹೋಗೋಣ."