ನಿಂತ ಕಾಲಿನ ಅಳತೆ

ಬೆಳಿಗ್ಗೆ ಹಾಸಿಗೆಯಿಂದ ಎದ್ದು ಮೊದಲ ಹೆಜ್ಜೆ ಇಡುತ್ತಿದ್ದಂತೆ ಹಿಮ್ಮಡಿಗೆ ಮೊಳೆ ಹೊಡೆದಂತಾಗುವ ನೋವು ಎಷ್ಟೋ ಮನೆಗಳಲ್ಲಿ ಇದೆ. ಅದನ್ನು ಕಾಯಿಲೆ ಎಂದು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿದರೆ ಕಾಲು ಸ್ವಲ್ಪ ಸಡಿಲವಾಗುತ್ತದೆ. ಆಮೇಲೆ ಕೆಲಸ. ಕೆಲಸ ಮುಗಿಯುವ ಹೊತ್ತಿಗೆ ಮತ್ತೆ ಅದೇ ನೋವು.

ಅಚ್ಚಿನಜ್ಜನ ಸೊಸೆಗೂ ಹೀಗೇ ಆಗಿತ್ತು. ಅವಳ ಕೋಣೆಯ ಬಾಗಿಲಿನಿಂದ ಬಚ್ಚಲಮನೆಯವರೆಗೆ, ಗೋಡೆಯ ಸುಣ್ಣದ ಮೇಲೆ ಅಂಗೈ ಸವರಿದ ಗುರುತು ಮಾಸಲು ಪಟ್ಟಿಯಂತೆ ಬಿದ್ದಿತ್ತು.

ಅಚ್ಚಿನಜ್ಜ ಎಂದರೆ ಆ ಊರಿನಲ್ಲಿ ಪಾದರಕ್ಷೆ ಮಾಡುವ ಮುದುಕ. ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ತೊಲೆಗೆ ಬಡಿದ ಮೊಳೆಗಳಲ್ಲಿ, ಶೂ ಹೊಲಿಯಲು ಬೇಕಾದ ಪಾದದ ಆಕಾರದ ಮರದ ಅಚ್ಚುಗಳು ಸಾಲಾಗಿ ನೇತಾಡುತ್ತಿದ್ದವು. ಆ ಅಚ್ಚುಗಳಿಂದಲೇ ಅವನಿಗೆ ಆ ಹೆಸರು ಬಂದಿತ್ತು. ಅಂಗಡಿಯ ನಡುವೆ ತೊಗಲು ಹೊದಿಸಿದ ಒಂದು ಸ್ಟೂಲು. ಬಂದ ಗಿರಾಕಿ ಯಾರೇ ಆಗಲಿ, ಮೊದಲು ಅದರ ಮೇಲೆ ಕೂರಬೇಕು. "ನಡೆದು ಬಂದ ಕಾಲು, ಮೊದಲು ಅದಕ್ಕೆ ವಿಶ್ರಾಂತಿ ಕೊಡಿ" ಎನ್ನುತ್ತಿದ್ದ ಅಜ್ಜ. ಗಿರಾಕಿಯನ್ನು ನಿಲ್ಲಿಸಿ ಅಳತೆ ತೆಗೆಯುವುದು ಅವನ ಮಟ್ಟಿಗೆ ಮನೆಗೆ ಬಂದವರನ್ನು ಹೊಸ್ತಿಲಾಚೆ ನಿಲ್ಲಿಸಿದಂತೆ. ಅವನ ಅಪ್ಪನೂ ಕೂರಿಸಿಯೇ ಅಳೆಯುತ್ತಿದ್ದ.

ಸೊಸೆಗೆ ಹಾಲಿನ ಡೇರಿಯಲ್ಲಿ ಕೆಲಸ. ಬೆಳಕು ಹರಿಯುವ ಮುನ್ನವೇ ಜನ ಕ್ಯಾನು ಹೊತ್ತು ಬರುತ್ತಿದ್ದರು. ಹಾಲು ಸುರಿದು ಅಳೆಯಬೇಕು, ಮಾದರಿ ತೆಗೆಯಬೇಕು, ಕ್ಯಾನು ಬಗ್ಗಿಸಬೇಕು. ಕುಳಿತು ಮಾಡುವ ಕೆಲಸವಲ್ಲ. ಕಾಲ ಕೆಳಗೆ ಸದಾ ಒದ್ದೆಯಾಗಿರುವ ಸಿಮೆಂಟು ನೆಲ. ಒಂದು ದಿನ ಡೇರಿ ನೋಡಿಕೊಳ್ಳುವವರು ಅವಳನ್ನು ಪಕ್ಕಕ್ಕೆ ಕರೆದರು.

"ನೋಡಮ್ಮ, ನಿನ್ನ ಕೈ ಚುರುಕು. ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಕಾಲು ಕೈಕೊಡ್ತಾ ಇದೆಯಲ್ಲ! ಈ ತಿಂಗಳು ನೋಡೋಣ. ನಿಲ್ಲೋಕೇ ಆಗಲ್ಲ ಅಂದ್ರೆ ಬೇರೆಯವರನ್ನ ಹುಡುಕ್ಬೇಕಾಗುತ್ತೆ."

ಅವಳು ಆ ಕೆಲಸವನ್ನು ಕಾದು ಕಾದು ಪಡೆದವಳು. ಮನೆಗೆ ಬಂದು ಅತ್ತೆಯ ಹತ್ತಿರ ಹೇಳಿ ಕಣ್ಣೊರೆಸಿಕೊಂಡಳು. ಅಡುಗೆಮನೆಯ ಮಾತು ಅಂಗಡಿಗೆ ಕೇಳಿಸಿತು.

ಅಂದಿನಿಂದ ಸಲಹೆಗಳ ಮಳೆ. ಅತ್ತೆ ಬಿಸಿನೀರಿನಲ್ಲಿ ಕಾಲಿಡು ಎಂದಳು. ಪಕ್ಕದ ಅಂಗಡಿಯ ದರ್ಜಿ, "ಮೆತ್ತಗಿರೋ ಸ್ಪಂಜಿನ ಚಪ್ಪಲಿ ಹಾಕ್ಕೋಮ್ಮ, ಮೋಡದ ಮೇಲೆ ನಡೆದಂಗಿರುತ್ತೆ" ಎಂದ. ಹಾಲಿನ ಗಾಡಿ ಓಡಿಸುವ ಅವಳ ಗಂಡ, "ಚಪ್ಪಲೀನೇ ಬೇಡ, ಬರಿಗಾಲಲ್ಲಿ ನಡಿ, ಕಾಲು ಗಟ್ಟಿಯಾಗುತ್ತೆ" ಎಂದ. ಯಾರ ಮಾತು ಕೇಳಿದರೂ ಹೌದಲ್ಲ ಎನ್ನಿಸುವಂತೆಯೇ ಇತ್ತು. ಅಜ್ಜನ ತಲೆ ಗೊಂದಲದ ಗೂಡಾಯಿತು.

ಅದೇ ವಾರ ಯಾರೋ ಒಂದು ಜೊತೆ ಶೂ ರಿಪೇರಿಗೆ ತಂದರು. ಪಾದ ಊರುವ ಒಳಅಟ್ಟೆ ಬಿಚ್ಚಿದ ಅಜ್ಜ ಕನ್ನಡಕ ಮೇಲೇರಿಸಿಕೊಂಡ. ಪಾದದ ಒಳಬದಿಯಲ್ಲಿ, ಹಿಮ್ಮಡಿಗೂ ಬೆರಳುಗಳ ಬುಡಕ್ಕೂ ನಡುವೆ, ಅಟ್ಟೆ ಸಣ್ಣ ದಿಬ್ಬದಂತೆ ಎದ್ದಿತ್ತು.

"ಇದೇನಪ್ಪಾ, ಗೂನು ಬೆನ್ನಿನ ಅಟ್ಟೆ?"

"ಪಾದದ ಕಮಾನಿಗೆ ಆಸರೆಯಂತೆ ಅಜ್ಜ. ಹಿಮ್ಮಡಿ ನೋವಿಗೆ ಒಳ್ಳೇದಂತೆ" ಎಂದರು ಗಿರಾಕಿ.

ಅಜ್ಜನ ಮುಖ ಅರಳಿತು. ಇಷ್ಟೇ ತಾನೇ! ಪಾದದ ಕೆಳಗೆ ಗುಳಿ ಇದೆ, ಆ ಗುಳಿ ತುಂಬಿಸಿದರಾಯಿತು. ಇದಕ್ಕೆ ಪೇಟೆಗೇಕೆ ಹೋಗಬೇಕು? ಸಂಜೆ ಸೊಸೆಯನ್ನು ಅಂಗಡಿಗೆ ಕರೆದ.

"ಬಾಮ್ಮ, ಕೂತ್ಕೋ. ಕಾಲು ಕೊಡು."

ಮಾವನ ಕೈಗೆ ಕಾಲು ಕೊಡುವುದೆಂದರೆ ಅವಳಿಗೆ ಎಲ್ಲಿಲ್ಲದ ಸಂಕೋಚ. ಸ್ಟೂಲಿನ ಅಂಚಿಗೆ ಕೂತು, ಕಾಗದದ ಮೇಲೆ ಪಾದವನ್ನು ಇಟ್ಟೂ ಇಡದ ಹಾಗೆ ಇಟ್ಟಳು. ಅಜ್ಜ ಸುತ್ತ ಗೆರೆ ಎಳೆದ. ಗುಳಿಯ ಕೆಳಗೆ ಬೆರಳು ತೂರಿಸಿ ಎತ್ತರ ನೋಡಿದ. ಒಳ್ಳೆಯ ಕಾರ್ಕಿನ ತುಂಡನ್ನು ಆ ಎತ್ತರಕ್ಕೆ ಸರಿಯಾಗಿ ಕೆತ್ತಿ, ಒಳಅಟ್ಟೆಯ ಅಡಿಯಲ್ಲಿ ಕೂರಿಸಿ, ಮೇಲೆ ಮೆತ್ತನೆಯ ತೊಗಲು ಎಳೆದು ಹೊಲಿದ. ಶೂ ಸಿದ್ಧವಾದಾಗ ಮತ್ತೆ ಸ್ಟೂಲಿನ ಮೇಲೆ ಕೂರಿಸಿ ತಾನೇ ತೊಡಿಸಿದ.

"ಹೇಗಿದೆ?"

"ತುಂಬಾ ಚೆನ್ನಾಗಿದೆ ಮಾವ. ಗುಳಿಗೆ ಹೇಳಿ ಮಾಡಿಸಿದ ಹಾಗಿದೆ."

ಅಜ್ಜ ಅಂದು ದರ್ಜಿಯ ಅಂಗಡಿ ಮುಂದೆ ಸುಮ್ಮಸುಮ್ಮನೆ ಎರಡು ಸಲ ಓಡಾಡಿದ.

ಕೆಲವು ದಿನಗಳ ಮೇಲೆ ಹಾಲು ತರಲು ತಾನೇ ಡೇರಿಗೆ ಹೋದ. ಖಾಲಿ ಕ್ಯಾನುಗಳ ಹಿಂದೆ ಹೊಸ ಶೂ ಗೋಡೆಗೆ ಮುಖ ಮಾಡಿಕೊಂಡು ಕೂತಿತ್ತು. ಸೊಸೆ ಸವೆದ ಹವಾಯಿ ಚಪ್ಪಲಿಯಲ್ಲಿ, ಪಾದದ ಹೊರಅಂಚಿನ ಮೇಲೆ ಭಾರ ಹಾಕಿ ನಿಂತಿದ್ದಳು. ಮಾವನನ್ನು ಕಂಡು ಅವಳು ಕೈಯ ಲೋಟ ಕೆಳಗಿಟ್ಟಳು.

"ಮಾವ... ನಿಮಗೆ ಬೇಜಾರಾಗುತ್ತೆ ಅಂತ ಹೇಳಲಿಲ್ಲ. ಕಲ್ಲಿನ ಮೇಲೆ ನಿಂತ ಹಾಗೆ ಒತ್ತುತ್ತೆ. ಮೊದಲು ಹಿಮ್ಮಡಿ ಮಾತ್ರ ನೋಯ್ತಿತ್ತು, ಈಗ ಪಾದದ ನಡುವೇನೂ ನೋಯುತ್ತೆ."

"ಅಲ್ಲಮ್ಮ, ಅವತ್ತು ಸರಿಯಾಗಿತ್ತಲ್ಲ?"

"ಅವತ್ತು ಕೂತಿದ್ನಲ್ಲ ಮಾವ. ಕೂತ್ರೆ ಈಗಲೂ ಸರಿಯಾಗೇ ಇದೆ."

ಅಜ್ಜ ಹಾಲು ಮರೆತು ಖಾಲಿ ಪಾತ್ರೆ ಹಿಡಿದು ಮನೆಗೆ ಬಂದ. ಅದೇ ಕಾಲು, ಅದೇ ಶೂ. ಕೂತರೆ ಹಿತ, ನಿಂತರೆ ಕಲ್ಲು. ಇದು ಯಾವ ಸೀಮೆಯ ನ್ಯಾಯ? ಅಚ್ಚುಗಳನ್ನು ಕೆಳಗಿಳಿಸಿ ತಿರುಗಿಸಿ ನೋಡಿದ. ಅವು ನಿಂತಿವೆಯೋ ಕೂತಿವೆಯೋ ಎಂದು ಅವನಿಗೆ ಮೊದಲ ಬಾರಿಗೆ ಅನುಮಾನ ಬಂತು.

"ಕಾರ್ಕು ಗಟ್ಟಿಯಾಯ್ತು, ಅದಕ್ಕೇ. ನಾನು ಹೇಳಿದ್ನಲ್ಲ, ಸ್ಪಂಜು!" ಎಂದ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸದೆಯೇ.

ಅಜ್ಜ ಕಾರ್ಕು ಕಿತ್ತು ಸ್ಪಂಜು ತುಂಬಿಸಿದ. ಮೊದಲ ದಿನ ಸೊಸೆ ಹಿತವಾಗಿದೆ ಎಂದಳು. ಆಮೇಲಾಮೇಲೆ ಸ್ಪಂಜು ಚಪ್ಪಟೆಯಾಗಿ, ಪಾದ ಒಳಕ್ಕೆ ವಾಲಿ, ಮೊಣಕಾಲೂ ನೋವು ಎನ್ನತೊಡಗಿದಳು. ತಿಂಗಳು ಮುಗಿಯುತ್ತಾ ಬಂದಿತ್ತು.

"ಎತ್ತರ ಕೊಟ್ರೂ ನೋವು, ಮೆತ್ತಗೆ ಕೊಟ್ರೂ ನೋವು. ಈ ಕಾಲಿಗೆ ಏನು ಬೇಕು ಅಂತ ಕಾಲಿಗೇ ಗೊತ್ತಿಲ್ಲ!" ಎಂದು ರೇಗಿದ ಅಜ್ಜ.

ಅವನ ಹೆಂಡತಿ ಸೌಟು ಹಿಡಿದೇ ಬಾಗಿಲಿಗೆ ಬಂದಳು. "ಏನ್ರೀ, ಅಟ್ಟೆ ಮೇಲಿನ ಕೋಪಾನ ಅವಳ ಕಾಲಿನ ಮೇಲೆ ತೀರಿಸ್ತೀರಾ? ಆರೋಗ್ಯ ಕೇಂದ್ರಕ್ಕೆ ವ್ಯಾಯಾಮ ಹೇಳ್ಕೊಡೋ ಮೇಡಂ ಬರ್ತಾರಂತೆ. ನನ್ನ ಭುಜ ನೋಡಿದ್ದು ಅವರೇ. ಕರ್ಕೊಂಡು ಹೋಗಿ."

"ಭುಜ ನೋಡೋರಿಗೆ ಶೂ ವಿಷಯ ಏನು ಗೊತ್ತು?"

"ನಿಮಗೆ ಗೊತ್ತಿತ್ತಲ್ಲ, ಏನು ಕಡಿದು ಕಟ್ಟೆ ಹಾಕಿದ್ರಿ?"

ಅಜ್ಜ ಶೂ ಚೀಲಕ್ಕೆ ಹಾಕಿಕೊಂಡ.

ಆರೋಗ್ಯ ಕೇಂದ್ರದ ಫಿಸಿಯೋಥೆರಪಿ ಮೇಡಂ ಚಿಕ್ಕ ವಯಸ್ಸಿನವರು, ನಗುಮುಖದವರು. ಸೊಸೆಯ ಹಿಮ್ಮಡಿಯನ್ನು ಒತ್ತಿ ನೋಡಿದರು, ಬೆಳಗಿನ ನೋವಿನ ಬಗ್ಗೆ ಕೇಳಿದರು. ಆಮೇಲೆ ಅಜ್ಜನ ಶೂ ಎತ್ತಿಕೊಂಡು ಹೊಲಿಗೆ ಸವರಿದರು.

"ಕೆಲಸ ಬಹಳ ಅಚ್ಚುಕಟ್ಟು ಅಜ್ಜ. ಅಳತೆ ಹೇಗೆ ತಗೊಂಡ್ರಿ?"

"ಮರ್ಯಾದೆಯಾಗಿ ಕೂರಿಸಿ ತಗೊಂಡೆ ಡಾಕ್ಟರಮ್ಮ."

"ನಾನು ಡಾಕ್ಟರಲ್ಲ ಅಜ್ಜ. ಇರಲಿ, ಒಂದು ತಮಾಷೆ ತೋರಿಸ್ತೀನಿ."

ಮೇಡಂ ಅವಳ ಪಾದ ಒದ್ದೆ ಮಾಡಿಸಿದರು. ಮೊದಲು ಕುರ್ಚಿಯಲ್ಲಿ ಕೂರಿಸಿ, ಒಣ ನೆಲಕ್ಕೆ ಪಾದವನ್ನು ಹಗುರವಾಗಿ ತಾಗಿಸಲು ಹೇಳಿದರು. ಆಮೇಲೆ ಮತ್ತೆ ಒದ್ದೆ ಮಾಡಿ, ಪಕ್ಕದಲ್ಲೇ ಭಾರ ಬಿಟ್ಟು ನಿಲ್ಲಿಸಿದರು. ನೆಲದ ಮೇಲೆ ಎರಡು ಗುರುತು. ಕೂತು ಇಟ್ಟದ್ದರಲ್ಲಿ ಹಿಮ್ಮಡಿಯನ್ನೂ ಮುಂಗಾಲನ್ನೂ ಸೇರಿಸುವ ಭಾಗ ಹಗ್ಗದಷ್ಟು ಸಣ್ಣ. ನಿಂತು ಇಟ್ಟದ್ದರಲ್ಲಿ ಆ ಜಾಗ ಬಹುಮಟ್ಟಿಗೆ ತುಂಬಿಹೋಗಿತ್ತು.

ಅಜ್ಜ ಬಗ್ಗಿ ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ. "ಇವೆರಡೂ... ಒಂದೇ ಕಾಲಾ?"

"ನಿಮ್ಮ ಕಣ್ಣೆದುರಿಗೇ ಇಟ್ಟಿದ್ದಲ್ವಾ ಅಜ್ಜ? ಮೈ ಭಾರ ಬಿದ್ದ ಕೂಡಲೇ ಕಮಾನು ಇಳಿಯುತ್ತೆ. ಸ್ವಲ್ಪ ಇಳಿಯೋದು ಸಹಜ, ಇಳೀಲೇಬೇಕು. ನೀವು ಕೂತ ಕಾಲಿನ ಗುಳಿ ಅಳೆದು ಪೂರ್ತಿ ತುಂಬಿಸಿದ್ರಿ. ಇವರು ನಿಂತಾಗ ಇಳಿಯೋಕೆ ಜಾಗವೇ ಇಲ್ಲ. ಅದಕ್ಕೇ ಕಲ್ಲು ಒತ್ತಿದ ಹಾಗೆ."

"ಹಾಗಾದ್ರೆ ನಿಂತಾಗ ಗುಳಿಯೇ ಹೆಚ್ಚಿಲ್ಲ. ಇಲ್ಲದ ಗುಳಿಗೆ ಆಸರೆ ಯಾಕೆ?" ಅಜ್ಜನ ಗೊಂದಲ ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಬಾಯಿ ತೆರೆಯಿತು.

"ಎಲ್ಲರಿಗೂ ಹಿಮ್ಮಡಿಯಿಂದ ಬೆರಳಿನವರೆಗೆ ಚರ್ಮದ ಒಳಗೆ ಒಂದು ಪಟ್ಟಿ ಇರುತ್ತೆ, ನಿಮ್ಮ ತೊಗಲಿನ ಪಟ್ಟಿ ಹಾಗೆ. ಗಟ್ಟಿ ನೆಲದ ಮೇಲೆ ನಿಂತೂ ನಿಂತೂ ಇವರದು ಜಗ್ಗಿ ನೊಂದಿದೆ. ಆಸರೆ ಪಾದಾನ ಮೇಲಕ್ಕೆ ತಳ್ಳಬಾರ್ದು, ಅತಿಯಾಗಿ ಇಳಿಯೋದನ್ನ ತಡೀಬೇಕು, ಅಷ್ಟೇ."

ಅಜ್ಜ ಗಡ್ಡ ಕೆರೆದುಕೊಂಡ. "ಕಾಯಿ ತುಂಬಿದ ಕೊಂಬೆಗೆ ಕವೆಗೋಲು ಕೊಡ್ತೀವಲ್ಲ, ಹಾಗಾ? ಜಾಸ್ತಿ ಎತ್ತಿ ಕೊಟ್ರೆ ಕೊಂಬೆ ಸೀಳುತ್ತೆ. ಹುಲ್ಲಿನ ಕಂತೆ ಇಟ್ರೆ ಕುಸಿಯುತ್ತೆ."

"ನೀವೇ ನನಗಿಂತ ಚೆನ್ನಾಗಿ ಹೇಳಿದ್ರಿ! ಸ್ಪಂಜು ಅನ್ನೋದು ಆ ಹುಲ್ಲಿನ ಕಂತೆ."

ಅಜ್ಜನಿಗೆ ಹುರುಪು ಬಂತು. ತನ್ನ ಕಾಲನ್ನೂ ಒದ್ದೆ ಮಾಡಿ ನಿಂತ. ನೆಲದ ಮೇಲೆ ಹಲಗೆಯಂಥ ಗುರುತು ಮೂಡಿತು, ಗುಳಿಯ ಸುಳಿವೇ ಇಲ್ಲ. "ಅಯ್ಯೋ! ಡಾಕ್ಟರಮ್ಮ, ನನಗೆ ಇವಳಿಗಿಂತ ದೊಡ್ಡ ಕಾಯಿಲೆ!"

"ನೋವಿದ್ಯಾ?"

"ಹುಟ್ಟಿದಾಗಿಂದ ಇಲ್ಲ."

"ಹಾಗಾದ್ರೆ ನಿಮಗೆ ಏನೂ ಬೇಡ. ಚಪ್ಪಟೆ ಪಾದ ಅಂದ್ರೆ ಕಾಯಿಲೆ ಅಲ್ಲ."

ಅಜ್ಜ ಸಮಾಧಾನಪಡುವುದೋ ನಿರಾಸೆಪಡುವುದೋ ತಿಳಿಯದೆ ಕಾಲು ಒರೆಸಿಕೊಂಡ. ಸೊಸೆ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ಬಹಳ ದಿನಗಳ ಮೇಲೆ ಅವಳು ನಕ್ಕಿದ್ದು.

ಮೇಡಂ ಇನ್ನೂ ಕೆಲವು ಮಾತು ಹೇಳಿದರು. ಶೂ ಹಿಮ್ಮಡಿಯನ್ನು ಬಟ್ಟಲಿನಂತೆ ಹಿಡಿಯಬೇಕು. ಬೆರಳಿನ ಬುಡದಲ್ಲಿ ಬಾಗಬೇಕು, ನಡುವೆ ಮಡಚಬಾರದು. ದಿಬ್ಬ ಮುಂಗಾಲಿನ ಕೆಳಗೆ ಬರಬಾರದು. ಶೂ ಒಂದೇ ಎಲ್ಲ ಮಾಡುವುದಿಲ್ಲ, ಗೋಡೆಗೆ ಕೈಯೂರಿ ಮೀನಖಂಡ ಎಳೆಯುವ ವ್ಯಾಯಾಮ ದಿನಾ ಮಾಡಬೇಕು. ಡೇರಿಯವರಿಗೂ ಒಂದು ಮಾತು ಹೇಳುತ್ತೇನೆ, ನಿಲ್ಲುವ ಜಾಗಕ್ಕೆ ದಪ್ಪ ರಬ್ಬರ್ ಚಾಪೆ ಹಾಕಲಿ, ಗುಣವಾಗಲು ಸ್ವಲ್ಪ ಸಮಯ ಕೊಡಲಿ ಎಂದರು.

ಅಂಗಡಿಗೆ ಬಂದ ಅಜ್ಜ ಸ್ಟೂಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ.

"ನಿಂತ್ಕೋಮ್ಮ."

"ಮಾವ, ನೀವು ಕೆಳಗೆ ಕೂತು ನಾನು ನಿಂತ್ಕೊಳ್ಳೋದಾ?"

"ನಿಂತ್ಕೋ ಅಂದ್ನಲ್ಲ. ಡೇರೀಲಿ ನಿಲ್ಲೋ ಹಾಗೇ ನಿಂತ್ಕೋ. ಸಂಕೋಚ ಎಲ್ಲ ಆಮೇಲೆ ಪಟ್ಕೋಬಹುದು."

ಅವಳು ಭಾರ ಬಿಟ್ಟು ನಿಂತಳು. ಅಜ್ಜ ಗೆರೆ ಎಳೆದ. ಈ ಸಲ ಕಾರ್ಕನ್ನು ಮೊದಲಿಗಿಂತ ತಗ್ಗಾಗಿ ಕೆತ್ತಿದ. ಅವಳನ್ನು ನಿಲ್ಲಿಸಿ ನೋಡಿದ, ನಡೆಸಿ ನೋಡಿದ, ಬಿಚ್ಚಿಸಿ ಒಂದು ಸಿಪ್ಪೆಯಷ್ಟು ಹೆರೆದ, ಮತ್ತೆ ನಿಲ್ಲಿಸಿದ. ಎಡಗಾಲು ಸರಿ ಎಂದಳು, ಬಲಗಾಲು ಇನ್ನೂ ಒತ್ತುತ್ತೆ ಎಂದಳು. ಅವಳ ಎರಡು ಪಾದ ಒಂದೇ ಸಮ ಇಳಿಯುತ್ತಿರಲಿಲ್ಲ. ತೊಲೆಯಲ್ಲಿ ಜೋಡಿಜೋಡಿಯಾಗಿ ನೇತಾಡುತ್ತಿದ್ದ ಅಚ್ಚುಗಳನ್ನು ಅಜ್ಜ ದಿಕ್ಕುತೋಚದವನಂತೆ ನೋಡಿದ. "ಎಷ್ಟು ಜನರಿಗೆ ಎರಡೂ ಕಾಲು ಒಂದೇ ಅಂದ್ಕೊಂಡು ಹೊಲಿದೆನೋ" ಎಂದು ಗೊಣಗಿ ಬಲಗಾಲಿನದನ್ನು ಮತ್ತಷ್ಟು ಹೆರೆದ.

ಮೇಡಂ ಹೇಳಿದಂತೆ ಹೊಸ ಶೂವನ್ನು ಮೊದಮೊದಲು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಹಾಕಿಸಿದರು, ನಿಧಾನವಾಗಿ ಹೆಚ್ಚಿಸಿದರು. ಡೇರಿಯಲ್ಲಿ ಚಾಪೆ ಬಂತು, ಇನ್ನೊಂದು ತಿಂಗಳ ಅವಕಾಶವೂ ಸಿಕ್ಕಿತು. ಆ ತಿಂಗಳು ಮುಗಿದಾಗ ನೋವು ಪೂರ್ತಿ ಹೋಗಿರಲಿಲ್ಲ. ಆದರೆ ಅವಳು ಕೊನೆಯ ಕ್ಯಾನಿನವರೆಗೆ ಎರಡೂ ಕಾಲಿನ ಮೇಲೆ ನಿಂತಿದ್ದಳು. ಡೇರಿ ನೋಡಿಕೊಳ್ಳುವವರು ಬೇರೆಯವರ ಮಾತೆತ್ತಲಿಲ್ಲ.

ಆಮೇಲೊಂದು ದಿನ ಅತ್ತೆ ಗೋಡೆಗೆ ಸುಣ್ಣ ಬಳಿಸಿದಳು. ಅಜ್ಜ ಬೆಳಿಗ್ಗೆ ಎದ್ದಾಗೆಲ್ಲ ಆ ಗೋಡೆಯನ್ನು ನೋಡುತ್ತಾನೆ. ಬಾಗಿಲಿನಿಂದ ಬಚ್ಚಲಮನೆಯವರೆಗೆ ಎಲ್ಲೂ ಕೈಗುರುತಿಲ್ಲ.

ಈಗ ಅವನ ಅಂಗಡಿಗೆ ಹೋದರೆ ನೀವೂ ತಬ್ಬಿಬ್ಬಾಗುತ್ತೀರಿ. "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಾನೆ. ಕೂತ ಮರುಗಳಿಗೆಯೇ "ಏಳಿ, ಎದ್ದು ನಿಲ್ಲಿ" ಎನ್ನುತ್ತಾನೆ. ದರ್ಜಿ ಕೂಡ ಬೈದುಕೊಂಡೇ ನಿಂತು ಅಳತೆ ಕೊಟ್ಟಿದ್ದಾನೆ.

ಅಕ್ಕಂದಿರೇ, ಅಣ್ಣಂದಿರೇ, ಅಂಗಡಿಯಲ್ಲಿ, ಕಾರ್ಖಾನೆಯಲ್ಲಿ, ಶಾಲೆಯಲ್ಲಿ, ಒಲೆಯ ಮುಂದೆ ನಿಂತೇ ದುಡಿಯುವವರೇ, ನಿಮ್ಮ ಬೆಳಗಿನ ಮೊದಲ ಹೆಜ್ಜೆ ನೋಯುತ್ತಿದೆಯೇ? ಸಹಿಸಿಕೊಂಡು ಕೂರಬೇಡಿ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಸಕ್ಕರೆ ಕಾಯಿಲೆ ಇದ್ದವರು, ಪಾದ ಜೋಮು ಹಿಡಿಯುವವರು ವೈದ್ಯರನ್ನು ಕೇಳದೆ ಶೂ ಒಳಗೆ ಏನನ್ನೂ ಇಡಬೇಡಿ. ಕಮಾನಿನ ಆಸರೆ ಇರುವ ಶೂ ಕೊಳ್ಳುವಾಗ ಕೂತು ಮೆಚ್ಚಿಕೊಂಡು ಎದ್ದು ಬರಬೇಡಿ. ಎರಡೂ ಕಾಲಿಗೆ ಹಾಕಿ, ನಿಂತು, ನಡೆದು ನೋಡಿ. ಒತ್ತಿದರೆ "ಒತ್ತುತ್ತೆ" ಎಂದು ಬಾಯಿಬಿಟ್ಟು ಹೇಳಿ. ಕೊಟ್ಟವರು ನಿಮ್ಮ ಮಾವನೇ ಆಗಿದ್ದರೂ ಸರಿ.