ಮಲ್ಲಕ್ಕನ ರಜಾ

ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುತ್ತಿದ್ದಂತೆ ನಿಲೋಫರ್ ಮೇಡಂ ಕೇಳಿದ ಮಾತು ಮಲ್ಲಕ್ಕನಿಗೆ ಮೊದಲು ತಿಳಿಯಲೇ ಇಲ್ಲ.

"ಎಷ್ಟ ವರ್ಷ ಆತ್ರಿ, ನೀವು ದೊಡ್ಡ ಮೇಡಂ ಅವರ ಕಡೆ ಕೆಲಸಕ್ಕ ಬಂದು?"

"ಯಾ ಕೆಲಸಕ್ಕ್ರಿ?"

"ಅಲ್ರೀ, ಅವರನ್ನ ನೋಡಿಕೊಳ್ಳೂ ಕೆಲಸಾ. ನಿನ್ನಿ ಊಟಕ್ಕ ಕುಂತಾಗ ನಿಮ್ಮ ಬಗ್ಗೆ ಭಾಳ ಚೊಲೊ ಹೇಳಿದ್ರು. ಮನಿ ಕೆಲಸದಾಕಿ, ಆದ್ರೂ ಸ್ವಂತ ಮಂದಿಗಿಂತ ಹೆಚ್ಚ ನೋಡಿಕೊಳ್ತಾಳ ಅಂದ್ರು. ನಮ್ಮ ಅತ್ತಿನೂ ಹಾಸಿಗಿ ಹಿಡದಾರ ನೋಡ್ರಿ. ನಿಮ್ಮ ಪೈಕಿ ಯಾರರೆ ಇದ್ರ ಹೇಳ್ರಿ. ಹುಬ್ಬಳ್ಳ್ಯಾಗ ನಮ್ಮ ಮನ್ಯಾಗನ ಇರಬಹುದು."

ನಿಲೋಫರ್ ಹುಬ್ಬಳ್ಳಿಯ ಯಾವುದೋ ಕಾಲೇಜಿನಲ್ಲಿ ಪಾಠ ಹೇಳುವವಳು. ಗಂಡನ ಜೊತೆ ಬಂದಿದ್ದಳು. ಹಡಗು ಹತ್ತಿದ ದಿನದಿಂದ ಊಟಕ್ಕೆ ಒಂದೇ ಟೇಬಲ್ಲು. ಅವಳ ದನಿಯಲ್ಲಿ ಕೊಂಕು ಇರಲಿಲ್ಲ. ನಿನ್ನೆ ಆ ಮಾತು ನಡೆದಾಗ ತಾನೆಲ್ಲಿದ್ದೆ ಎಂದು ಮಲ್ಲಕ್ಕ ನೆನೆಸಿಕೊಂಡಳು. ಅಕ್ಕನಿಗೆ ಮೊಸರನ್ನ ಬೇಕೆಂದು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಅಷ್ಟರಲ್ಲೇ ಆಗಿರಬೇಕು.

ಲಿಫ್ಟು ನಿಂತಿತು. "ನೋಡ್ತೀನ್ರಿ," ಎಂದು ಮಲ್ಲಕ್ಕ ಬಿಸಿನೀರಿನ ಥರ್ಮಾಸು ಹಿಡಿದುಕೊಂಡು ಹೊರಗೆ ಬಂದಳು.

ಆ ದೊಡ್ಡ ಮೇಡಂ ರೇವವ್ವ ಮತ್ತು ಮಲ್ಲಕ್ಕ ಅಣ್ಣತಮ್ಮಂದಿರ ಮಕ್ಕಳು. ಕುಬಿಹಾಳದಲ್ಲಿ ಒಂದೇ ಮನೆಯಲ್ಲಿ ಬೆಳೆದವರು. ರೇವವ್ವ ಐದು ವರ್ಷಕ್ಕೆ ದೊಡ್ಡವಳು, ಓದಿನಲ್ಲಿ ಚುರುಕು. ಅವಳನ್ನು ಧಾರವಾಡದ ಸಾಲೆಗೆ ಕಳಿಸಿದ ವರ್ಷವೇ ಅವಳ ತಾಯಿ ನೆಲ ಹಿಡಿದಳು. ಮನೆಯಲ್ಲಿ ರೋಗಿಯ ಹತ್ತಿರ ಒಬ್ಬರು ಬೇಕಾಗಿತ್ತು. ಎರಡನೇ ಇಯತ್ತೆಯಲ್ಲಿದ್ದ ಮಲ್ಲಕ್ಕನ ಪಾಟಿಚೀಲವನ್ನು ಗೂಟಕ್ಕೆ ತೂಗುಹಾಕಿದರು. ದೊಡ್ಡವ್ವ ಒಂಬತ್ತು ವರ್ಷ ಮಲಗಿದಲ್ಲೇ ಬದುಕಿದಳು. ಅಷ್ಟರಲ್ಲಿ ರೇವವ್ವ ಕಲಿತು, ಭೂಗೋಳದ ಟೀಚರಾದಳು. ಮದುವೆಯ ಗೋಜಿಗೇ ಹೋಗದೆ, ಮುಂದೆ ಸಂಶಿಯಲ್ಲಿ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದಳು. ಮಲ್ಲಕ್ಕನನ್ನು ತಿರ್ಲಾಪುರಕ್ಕೆ ಕೊಟ್ಟರು. ಮೂರು ವರ್ಷಕ್ಕೆ ಗಂಡ ಇನ್ನೊಬ್ಬಳನ್ನು ತಂದಾಗ ಅವಳು ತಿರುಗಿ ಕುಬಿಹಾಳಕ್ಕೆ ಬಂದು, ಕಳೆ ತೆಗೆಯುತ್ತ, ಹತ್ತಿ ಬಿಡಿಸುತ್ತ ಉಳಿದಳು.

ಎರಡು ವರ್ಷದ ಹಿಂದೆ ರೇವವ್ವನಿಗೆ ಲಕ್ವಾ ಹೊಡೆದು ಎಡಭಾಗ ಬಿದ್ದುಹೋಯಿತು. ಯಾರೂ ಕರೆಯುವ ಮೊದಲೇ ಮಲ್ಲಕ್ಕ ನಾಲ್ಕು ಸೀರೆ ಗಂಟು ಕಟ್ಟಿಕೊಂಡು ಸಂಶಿಯ ಬಸ್ಸು ಹತ್ತಿದ್ದಳು. ಮೊದಲ ತಿಂಗಳ ಕೊನೆಗೆ ಅಕ್ಕ ಒಂದು ಪಾಕೀಟು ಮುಂದೆ ಹಿಡಿದಾಗ, "ತಂಗಿಗೆ ಪಗಾರ ಕೊಡ್ತಾರೇನಕ್ಕಾ," ಎಂದು ನಕ್ಕು ಅದನ್ನು ದಿಂಬಿನ ಕೆಳಗೆ ತುರುಕಿದ್ದಳು. ಆಮೇಲೆ ಆ ಮಾತು ಬರಲಿಲ್ಲ. ಊರವರು ಕೇಳಿದರೆ, "ನಮ್ಮಕ್ಕನ ಮನ್ಯಾಗ ಇರತೇನಿ," ಎನ್ನುತ್ತಿದ್ದಳು. ಹಾಗೆನ್ನುವಾಗ ಅವಳ ಕುತ್ತಿಗೆ ತುಸು ಮೇಲೇಳುತ್ತಿತ್ತು.

ಹಡಗಿನ ವಿಚಾರ ತಂದವನು ಜಾಕೀರ್. ರೇವವ್ವನ ಹಳೆಯ ವಿದ್ಯಾರ್ಥಿ, ಈಗ ಹುಬ್ಬಳ್ಳಿಯಲ್ಲಿ ಟಿಕೀಟು, ಪ್ರವಾಸದ ಆಫೀಸು ಇಟ್ಟಿದ್ದಾನೆ. ಟೀಚರ ಆರೋಗ್ಯ ವಿಚಾರಿಸಲು ಬಂದವನ ಮುಂದೆ ರೇವವ್ವ, "ಮೂವತ್ತೊಂದ ವರ್ಷ ಹಲಗಿ ಮ್ಯಾಲೆ ಅರಬ್ಬಿ ಸಮುದ್ರ ಬರದೇನಿ. ದಂಡ್ಯಾಗ ನಿಂತ ನೋಡಿದ್ದು ಬಿಟ್ರ, ಒಳಗ ಹೋಗಿಲ್ಲ ನೋಡಪಾ," ಎಂದಿದ್ದಳು. ಮುಂಬಯಿಯಿಂದ ಹೊರಟು ಲಕ್ಷದ್ವೀಪದ ಒಂದು ನಡುಗಡ್ಡೆ ನೋಡಿಕೊಂಡು ಬರುವ ಹಡಗಿದೆ, ಗಾಲಿಕುರ್ಚಿ ಹೋಗುವಂಥ ಖೋಲಿ ಇದೆ, ಆದರೆ ಜೋಡಿಗೆ ಒಬ್ಬರು ಇರಲೇಬೇಕು ಎಂದು ಅವನು ಹೇಳಿದ. ಒಬ್ಬರು ಎಂದರೆ ಇನ್ಯಾರು? "ನಮ್ಮಕ್ಕ ನನ್ನ ಹಡಗದಾಗ ಕರಕೊಂಡ ಹೊಂಟಾಳ," ಎಂದು ಮಲ್ಲಕ್ಕ ಕುಬಿಹಾಳಕ್ಕೆ ಹೋಗಿ ಮನೆಮನೆಗೂ ಹೇಳಿ ಬಂದಿದ್ದಳು.

ಮುಂಬಯಿಯ ಬಂದರದಲ್ಲಿ ಒಂದು ಕಾಗದಕ್ಕೆ ಸಹಿ ಹಾಕಬೇಕಾಯಿತು. ಮಲ್ಲಕ್ಕ ರೂಢಿಯಂತೆ ಹೆಬ್ಬೆರಳು ಎತ್ತಿ ಹಿಡಿದಳು. ಕೌಂಟರಿನ ಆಚೆಗಿದ್ದ ಹುಡುಗಿಗೆ ಅದೇನೆಂದು ತಿಳಿಯಲಿಲ್ಲ. ಅವರ ಹತ್ತಿರ ಮಸಿಯ ಡಬ್ಬಿಯೇ ಇರಲಿಲ್ಲ. ಹಿಂದೆ ನಿಂತವರಲ್ಲಿ ಯಾರೋ ನಕ್ಕರು. ರೇವವ್ವ ಪೆನ್ನು ಕಸಿದುಕೊಂಡು ಎರಡೂ ಸಹಿ ತಾನೇ ಮಾಡಿದಳು. ಅದನ್ನು ಮಲ್ಲಕ್ಕ ಅಲ್ಲೇ ಮರೆತಿದ್ದಳು. ಅವಳಿಗೆ ಬೇರೆ ಕೆಲಸ ಬಹಳಿತ್ತು. ಖೋಲಿಯ ದಪ್ಪ ಜಮಖಾನೆಯ ಮೇಲೆ ಕುರ್ಚಿಯ ಗಾಲಿ ಹೂತುಕೊಳ್ಳುತ್ತಿತ್ತು. ಊಟದ ಹೊತ್ತಿಗೆ ಲಿಫ್ಟಿನ ಮುಂದೆ ಅರ್ಧ ತಾಸು ಕಾಯಬೇಕಾಗುತ್ತಿತ್ತು. ಹಡಗು ವಾಲಿದಾಗ ಬಚ್ಚಲಲ್ಲಿ ಅಕ್ಕನನ್ನು ಎದೆಗೆ ಆನಿಸಿಕೊಂಡು, ಒಂದು ಕೈಯಲ್ಲಿ ಗೋಡೆಯ ಕಂಬಿ ಹಿಡಿದು ನಿಲ್ಲಬೇಕಾಗುತ್ತಿತ್ತು. ಸೊಂಟ ಕಿತ್ತು ಬರುವಂತಾದರೂ, ಸ್ವಂತದವರಿಗೆ ಮಾಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದುಕೊಂಡಿದ್ದಳು.

ಈಗ ಥರ್ಮಾಸು ಹಿಡಿದು ಹಡಗಿನ ಮೇಲಿನ ಡೆಕ್ಕಿಗೆ ಬಂದಾಗ ರೇವವ್ವ ಅಂಚಿನ ಕಟಾಂಜನದ ಬಳಿ ನೆರಳಲ್ಲಿ ಕೂತಿದ್ದಳು. ಹಡಗು ನಿಂತಿತ್ತು. ದೂರದಲ್ಲಿ ತೆಂಗಿನ ಗೆರೆಯೊಂದು ನೀರಿನ ಮೇಲೆ ಕಾಣುತ್ತಿತ್ತು. ಕೆಳಗೆ ಸಣ್ಣ ದೋಣಿಗಳು ಬಂದು ತಾಗುತ್ತಿದ್ದವು.

"ಗಾಲಿಕುರ್ಚಿಯವ್ರನ್ನ ದೋಣ್ಯಾಗ ಇಳಸೂದಿಲ್ಲಂತ ಮಲ್ಲಿ. ಮೈಕಿನ್ಯಾಗ ಹೇಳಿದ್ರು," ಎಂದಳು ರೇವವ್ವ. "ಜಾಕೀರ್ ಇದನ್ನ ಹೇಳಲೇ ಇಲ್ಲ ನೋಡು. ಇರಲಿ, ಇಲ್ಲಿಂದನ ಕಾಣ್ತೈತಿ."

ಮಲ್ಲಕ್ಕ ಗುಳಿಗೆ ಕೊಟ್ಟು ಬಿಸಿನೀರು ಕುಡಿಸಿದಳು. ಅಕ್ಕನ ಗಲ್ಲದ ಮೇಲೆ ಇಳಿದ ನೀರನ್ನು ಸೆರಗಿನಿಂದ ಒರೆಸಿದಳು. ನಿನ್ನೆಯ ಮಾತನ್ನು ಕೇಳಿಬಿಡಬೇಕೆಂದು ಅಕ್ಕನ ಎದುರಿಗೆ ಬಂದು ನಿಂತಳು. ರೇವವ್ವ ಅವಳ ಮುಖ ನೋಡದೆ, ಕಡಲಿನ ಮೇಲೆ ಕಣ್ಣಿಟ್ಟೇ ಖಾಲಿ ಬಾಟಲಿ ಚಾಚಿದಳು.

"ಇದರಾಗ ಥಣ್ಣನ ನೀರ ತುಂಬಿಕೊಂಡ ಬಾ. ಲಗೂನ ಬಾ ಮತ್ತ."

ಮಲ್ಲಕ್ಕ ಕುರ್ಚಿಯ ಬ್ರೇಕು ಹಾಕಿದ್ದನ್ನು ಕಾಲಿನಿಂದ ಒತ್ತಿ ನೋಡಿದಳು. ಕೆಳಗಿಳಿದು ಬಾಟಲಿ ತುಂಬಿಸಿದಳು. ಅಲ್ಲೇ ಮಂದಿ ದೋಣಿಗೆ ಪಾಳಿ ಹಚ್ಚಿದ್ದರು. ನಿಲೋಫರ್ ದೊಡ್ಡ ಟೊಪ್ಪಿಗೆ ಹಾಕಿಕೊಂಡು ಗಂಡನ ಜೊತೆ ನಿಂತಿದ್ದಳು.

"ನೀವೂ ಬರ್ತೀರೇನ್ರಿ? ಮತ್ತ ಮೇಡಂ ಒಬ್ಬರ ಆಗ್ತಾರಲ್ಲ?"

"ಇವತ್ತ ರಜಾ ಕೊಟ್ಟಾರ್ರಿ," ಎಂದಳು ಮಲ್ಲಕ್ಕ.

ಆ ಮಾತು ಎಲ್ಲಿಂದ ಬಂತೋ ಅವಳಿಗೇ ಗೊತ್ತಾಗಲಿಲ್ಲ. ಕೊರಳಿಗೆ ತೂಗುಹಾಕಿದ್ದ ಹಡಗಿನ ಗುರುತಿನ ಚೀಟಿಯನ್ನು ಯಂತ್ರಕ್ಕೆ ತೋರಿಸಿದಳು. ಕಿತ್ತಳೆ ಬಣ್ಣದ ತೇಲುಜಾಕೀಟನ್ನು ಯಾರೋ ಮೈಗೆ ಬಿಗಿದರು. ದೋಣಿ ಹಡಗಿನಿಂದ ದೂರ ಸರಿದಾಗ ಅವಳು ಒಮ್ಮೆ ಮೇಲೆ ನೋಡಿದಳು. ಅಷ್ಟು ಎತ್ತರದ ಬಿಳಿ ಗೋಡೆಯಲ್ಲಿ ಅಕ್ಕ ಎಲ್ಲಿದ್ದಾಳೆಂದು ತಿಳಿಯಲಿಲ್ಲ.

ನಡುಗಡ್ಡೆಯ ಉಸುಕು ಜೋಳದ ಹಿಟ್ಟಿನಂತಿತ್ತು. ನೀರು ಎಷ್ಟು ತಿಳಿಯಾಗಿತ್ತೆಂದರೆ, ಮೊಣಕಾಲ ತನಕ ಇಳಿದ ಮಲ್ಲಕ್ಕನಿಗೆ ತನ್ನ ಬೆರಳಿನ ಕಾಲುಂಗುರದ ಗುರುತು ಕೂಡ ಕಾಣುತ್ತಿತ್ತು. ಸಣ್ಣ ಮೀನುಗಳು ಬಂದು ಹಿಮ್ಮಡಿಯ ಬಿರುಕು ಮೂಸಿ ಹೋದವು. ಯಾರೂ ಅವಳನ್ನು ಕರೆಯಲಿಲ್ಲ. ಎರಡು ವರ್ಷದಲ್ಲಿ ಇಷ್ಟು ಹೊತ್ತು ಯಾರೂ ಅವಳನ್ನು ಕರೆಯದೆ ಇದ್ದದ್ದಿಲ್ಲ. ಎಳನೀರು ಮಾರುವವಳು ಏನೋ ಕೇಳಿದಳು. ಭಾಷೆ ತಿಳಿಯದೆ ಮಲ್ಲಕ್ಕ ತಲೆಯಾಡಿಸಿದಳು. ತೆಂಗಿನ ಬುಡಕ್ಕೆ ಬೆನ್ನು ಕೊಟ್ಟು ಕೂತು, ಅಕ್ಕನಿಗೆಂದು ತುಂಬಿಸಿದ ಬಾಟಲಿಯ ಮುಚ್ಚಳ ತೆಗೆದು ಅರ್ಧ ಕುಡಿದಳು.

ಬಿಸಿಲು ನೆತ್ತಿಯ ಹತ್ತಿರ ಬಂದಿತ್ತು. ಹನ್ನೊಂದಕ್ಕೆ ಅಕ್ಕನನ್ನು ಬಚ್ಚಲಿಗೆ ಒಯ್ಯಬೇಕು. ಅದು ಗಡಿಯಾರ ನೋಡದೆಯೂ ಅವಳ ಮೈಗೆ ಗೊತ್ತಾಗುವ ಹೊತ್ತು. ಆ ಹೊತ್ತು ಬಂತು, ಹೋಯಿತು. ಮಲ್ಲಕ್ಕ ಏಳಲಿಲ್ಲ. ತಿರುಗಿ ಹೋಗುವ ಮೊದಲ ದೋಣಿಗೆ ಮಂದಿ ಏರುವಾಗ ಎದ್ದು ನಿಂತವಳು, ಮತ್ತೆ ಕೂತಳು. ಎರಡನೆಯದೂ ಹೋಯಿತು. ಕೊನೆಯದಕ್ಕೆ ಏರಿದಳು. ಸಿಟ್ಟು ತಣ್ಣಗಾಗುತ್ತದೆ ಎಂದುಕೊಂಡದ್ದು ಆಗಲಿಲ್ಲ.

ರೇವವ್ವ ಬಿಟ್ಟಲ್ಲೇ ಇದ್ದಳು. ನೆರಳು ಯಾವಾಗಲೋ ಸರಿದುಹೋಗಿತ್ತು. ಹಡಗಿನ ಕೆಲಸದ ಹುಡುಗಿಯೊಬ್ಬಳು ಅವಳ ತಲೆಯ ಮೇಲೆ ಛತ್ರಿ ಹಿಡಿದು ನಿಂತಿದ್ದಳು. ಮಲ್ಲಕ್ಕನನ್ನು ಕಂಡವಳೇ ಸಿಟ್ಟಿನಿಂದ ಹಿಂದಿಯಲ್ಲಿ ಏನೇನೋ ಹೇಳಿದಳು. ಕೈಸನ್ನೆಯಿಂದ ಇಷ್ಟು ತಿಳಿಯಿತು: ಖೋಲಿಗೆ ಒಯ್ಯುತ್ತೇವೆಂದರೂ ಇವರು ಕುರ್ಚಿ ಮುಟ್ಟಗೊಡಲಿಲ್ಲ, ಒಂದು ಟಾವೆಲ್ಲು ಮಾತ್ರ ಬೇಡಿದರು. ಆ ಟಾವೆಲ್ಲು ರೇವವ್ವನ ತೊಡೆಯ ಮೇಲೆ ಹರಡಿತ್ತು. ಯಾಕೆ ಬೇಡಿದಳು ಎನ್ನುವುದು ಹತ್ತಿರ ಬಂದಾಗ ಮೂಗಿಗೇ ಗೊತ್ತಾಯಿತು. ಮುಖ ಕೆಂಪಗೆ ಸುಟ್ಟಿತ್ತು. ತುಟಿಗಳು ಒಡೆದಿದ್ದವು.

"ಬಂದ್ಯಾ," ಎಂದಳು ರೇವವ್ವ. ಅಷ್ಟೇ.

ಖೋಲಿಯ ಬಚ್ಚಲಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂರಿಸಿ, ಒದ್ದೆ ಸೀರೆ ಬಿಚ್ಚಿ, ಮಲ್ಲಕ್ಕ ನೀರು ಹಾಕತೊಡಗಿದಳು.

"ಎಲ್ಲಿ ಹೋಗಿದ್ದಿ?"

"ರಜಾ ತಗೊಂಡಿದ್ನಿ. ಕೆಲಸದಾಕಿಗೂ ಒಂದ ದಿನ ರಜಾ ಇರಬೇಕಲ್ಲ."

ರೇವವ್ವನ ಬೆನ್ನು ಗಟ್ಟಿಯಾದದ್ದು ಅವಳ ಅಂಗೈಗೆ ತಿಳಿಯಿತು.

"ನಿಲೋಫರ್ ಹೇಳಿದ್ಲೇನು?"

"ಯಾರ ಹೇಳಿದ್ರೇನು. ನೀ ಅಂದಿಯೋ ಇಲ್ಲೋ?"

"ಬಂದರದಾಗ ನೀ ಹೆಬ್ಬಟ್ಟ ಎತ್ತಿ ನಿಂತಾಗ ಅವ್ರು ನಮ್ಮ ಹಿಂದನ ಇದ್ರು," ಎಂದಳು ರೇವವ್ವ ಸಣ್ಣ ದನಿಯಲ್ಲಿ. "ಊಟಕ್ಕ ಕುಂತಾಗ ನಾ ಹೆಡ್‌ಮಿಸ್ಟ್ರೆಸ್ ಇದ್ನಿ ಅಂತ ಹೇಳಿದ್ನಿ. ನೀವು ಟೀಚರು, ಮನ್ಯಾಗಿನ ತಂಗಿಗೆ ಸಹಿ ಮಾಡಾಕ ಕಲಿಸಲಿಲ್ಲೇನ್ರಿ ಅಂತ ಕೇಳಿದ್ರ, ನಾ ಏನ ಹೇಳ್ಲಿ?"

"ಖರೇ ಹೇಳಬೇಕಿತ್ತು. ನಮ್ಮವ್ವನ ಹೇಲುಚ್ಚಿ ಬಳ್ಯಾಕ ಅಕಿನ್ನ ಸಾಲಿ ಬಿಡಿಸಿದ್ರು, ನಾ ಸಾಲಿ ಕಲತ್ನಿ ಅಂತ."

ರೇವವ್ವ ಅಳಲಿಲ್ಲ. ಅತ್ತಿದ್ದರೆ ಮಲ್ಲಕ್ಕನ ಕೈ ಬಹುಶಃ ಮೆತ್ತಗಾಗುತ್ತಿತ್ತು. ಅವಳು ಬಿದ್ದ ಎಡಗೈಯನ್ನು ಬಲಗೈಯಿಂದ ಎತ್ತಿ ಎದೆ ಮುಚ್ಚಿಕೊಂಡಳು. ಎರಡು ವರ್ಷದಿಂದ ಈ ಮೈಯನ್ನು ತೊಳೆಯುತ್ತಿದ್ದವಳ ಮುಂದೆ ಹಾಗೆ ಮುಚ್ಚಿಕೊಂಡದ್ದು ಅದೇ ಮೊದಲು.

"ಎಲ್ಲಾರೂ ತಿರುಗಿ ಬಂದ್ರು ಮಲ್ಲಿ," ಎಂದಳು ಕೊನೆಗೆ. "ಎರಡ ದೋಣಿ ಬಂದ್ವು. ಎರಡರಾಗೂ ನೀ ಇರಲಿಲ್ಲ. ಬರೂದಿಲ್ಲೇನೋ ಅನಿಸ್ತು."

ಮಲ್ಲಕ್ಕ ನೀರು ನಿಲ್ಲಿಸಿದಳು. ಟಾವೆಲ್ಲು ಸುತ್ತಿ ಎತ್ತಿ ನಿಲ್ಲಿಸಿದಳು. ಯಾವಾಗಲೂ ಹೆಗಲಿಗೆ ಪೂರ್ತಿ ಭಾರ ಹಾಕುತ್ತಿದ್ದ ರೇವವ್ವ, ಅಂದು ಒಂದೇ ಕಾಲಿನ ಮೇಲೆ ನಡುಗುತ್ತ, ಆದಷ್ಟು ತಾನೇ ನಿಲ್ಲಲು ನೋಡಿದಳು.

ಮರುದಿನ ಮುಂಜಾನೆ ತಿಂಡಿಗೂ ಅದೇ ಟೇಬಲ್ಲು. ಹಡಗು ಮುಂಬಯಿಯ ಕಡೆ ತಿರುಗಿತ್ತು. ಮಲ್ಲಕ್ಕ ರೂಢಿಯಂತೆ ತಟ್ಟೆ ತರಲು ಎದ್ದಾಗ ರೇವವ್ವ ಗಾಬರಿಯಿಂದ ಸೆರಗು ಹಿಡಿದಳು.

"ನೀ ಹೋಗಬ್ಯಾಡ. ಕುಂಡ್ರು. ಅವರನ ತಂದ ಕೊಡತಾರ."

ಬಿಳಿ ಅಂಗಿಯವನು ಇಡ್ಲಿ ತಂದಿಟ್ಟು ಹೋದ. ಎದುರಿಗೆ ನಿಲೋಫರ್ ಗಂಡನಿಗೆ ಚಹಾ ಬಗ್ಗಿಸುತ್ತಿದ್ದಳು. ರೇವವ್ವ ಗಂಟಲು ಸರಿಮಾಡಿಕೊಂಡಳು. ವರ್ಗದ ಕೊನೆಯ ಬೆಂಚಿಗೂ ಕೇಳುತ್ತಿದ್ದ ಆ ಹಳೆಯ ದನಿಯೇ ಬಂತು.

"ನೀವು ಮೊನ್ನೆ ತಪ್ಪ ತಿಳಕೊಂಡೀರಿ ಅಂತ ಕಾಣತೈತ್ರಿ. ಇಕಿ ನನ್ನ ತಂಗಿ. ಖಾಸ್ ನಮ್ಮ ಕಾಕಾನ ಮಗಳು."

ಚಹಾದ ಕಿಟಲಿ ಗಾಳಿಯಲ್ಲೇ ನಿಂತಿತು. ನಿಲೋಫರ್‌ಳ ಮುಖ ಕೆಂಪಾಯಿತು. "ಹೌದೇನ್ರಿ... ನನಗ ಕೇಳಿಸಿದ್ದರಾಗ ತಪ್ಪ ಆಗಿರಬೇಕ್ರಿ. ಮಲ್ಲಕ್ಕಾರ, ಏನೂ ತಿಳಕೋಬ್ಯಾಡ್ರಿ."

"ಇರಲಿ ಬಿಡ್ರಿ," ಎಂದಳು ಮಲ್ಲಕ್ಕ.

ಕುಬಿಹಾಳದಲ್ಲಿ ಮನೆಮನೆಗೂ ತಾನಾಗಿ ಹೇಳಿಕೊಂಡು ತಿರುಗಿದ್ದ ಮಾತು ಅಕ್ಕನ ಬಾಯಿಂದ, ನಾಲ್ಕು ಜನರ ಎದುರಿಗೆ ಬಂದಿತ್ತು. ಅವಳು ಪಕ್ಕಕ್ಕೆ ತಿರುಗಿ ನೋಡಿದಳು. ರೇವವ್ವ ಅವಳನ್ನೇ ನೋಡುತ್ತಿದ್ದಳು. ಪಾಠ ಒಪ್ಪಿಸಿದ ಹುಡುಗಿ, ಸರಿಯಾಯಿತೋ ಇಲ್ಲವೋ ಎಂದು ಮಾಸ್ತರ ಮುಖ ನೋಡುವ ಹಾಗೆ. ಮಲ್ಲಕ್ಕ ತಟ್ಟೆಯನ್ನು ಹತ್ತಿರ ಎಳೆದುಕೊಂಡು ಇಡ್ಲಿಯನ್ನು ಸಣ್ಣಗೆ ಮುರಿದು, ಚಟ್ನಿ ಸವರಿ, ದಿನದಂತೆ ಅಕ್ಕನ ಬಲಗೈಯ ಕಡೆ ಸರಿಸಿದಳು.

ಬಲಗೈ ಮೇಲೆ ಬರಲಿಲ್ಲ. ಅದು ಟೇಬಲ್ಲಿನ ಕೆಳಗೆ ಮಲ್ಲಕ್ಕನ ಸೆರಗನ್ನು ಮುಷ್ಟಿ ಕಟ್ಟಿ ಹಿಡಿದಿತ್ತು. ಮಲ್ಲಕ್ಕ ಸ್ವಲ್ಪ ಹೊತ್ತು ಕಾದು ಚಮಚ ಕೈಗೆ ತೆಗೆದುಕೊಂಡಳು. ಅದು ತಟ್ಟೆಗೆ ತಾಗುವ ಮೊದಲೇ ರೇವವ್ವ ಬಾಯಿ ತೆರೆದಳು.