ಕಾಲ್ಗಡಗದ ನಗ್ಗು

ಕೊಕ್ಕೆಯ ಪಕ್ಕ, ಜೋಳದ ಕಾಳಿನಷ್ಟು ನಗ್ಗು — ಟ್ಯೂಬ್‌ಲೈಟಿನ ಬೆಳಕಿಗೆ ಹಾಗೆ ಕಂಡಿರಬೇಕು, ಸರೋಜವ್ವ ಕಣ್ಣುಜ್ಜಿ ಮತ್ತೆ ನೋಡುತ್ತಾಳೆ, ಬೀಗಿತ್ತಿ ಮೊಮ್ಮಗನ ಎಡಗಾಲಿಗೆ ಬೆಳ್ಳಿಯ ಕಡಗ ತೊಡಿಸುತ್ತಿದ್ದಾಳೆ, ನಗ್ಗು ಅಲ್ಲೇ ಇದೆ, ಶಿವನೇ, ಇದು ಮಗ ಮಾಲತೇಶನದ್ದಲ್ಲ. ಹೆಸರಿಡುವ ದಿನ ಸೋದರಮಾವನ ಎಳೆಗಾಲಿನ ಬೆಳ್ಳಿಯೇ ಅಳಿಯನಿಗೆ ಬರಬೇಕು, ತವರಿನ ಪದ್ಧತಿ, ಅದಕ್ಕೆಂದೇ ಮಗನ ಕಡಗ ತೆಗೆದು ಬಂಕಾಪುರದ ಪತ್ತಾರನ ಬೆಳ್ಳಿ ಅಂಗಡಿಯಲ್ಲಿ ತೊಳೆಸಿದ್ದು — ತೆಗೆದದ್ದು ಯಾವುದು? ಡಬ್ಬಿಯಲ್ಲಿ ಎರಡು ಗಂಟು, ಒಂದು ಮಾಲತೇಶನದ್ದು, ಇನ್ನೊಂದು ಆ ಕೂಸಿನದ್ದು, ಮಗಳು ಶೀಲಾಳ ಚೊಚ್ಚಲ, ಎಂಟು ತಿಂಗಳು ತುಂಬುವ ಮೊದಲೇ ಜ್ವರದಲ್ಲಿ ಹೋದದ್ದು, ಅದಕ್ಕೆ ಆಗ ಪದ್ಧತಿ ಬಿಟ್ಟು ಹೊಸ ಜೋಡಿ ಮಾಡಿಸಿದ್ದರು, ಎರಡೂ ಜೋಡಿ ಕಪ್ಪಿಟ್ಟು ಒಂದೇ ಥರ ಆಗಿದ್ದವು, ಕನ್ನಡಕ ಹಾಕಿಕೊಳ್ಳಲಿಲ್ಲ, ಪತ್ತಾರ ಗುಲಾಬಿ ಕಾಗದದಲ್ಲಿ ಸುತ್ತಿ ಕೊಟ್ಟದ್ದನ್ನು ಬಿಚ್ಚಿಯೂ ನೋಡದೆ ತಂದಳು, ತನ್ನ ಕಣ್ಣು ಹಿಂಗಿಹೋಗಲಿ. ಇಟ್ಟುಕೊಳ್ಳಲೇಬಾರದಿತ್ತು. ಅವ್ವಾ, ಅವನ ಕಾಲ್ಗಡಗ ಎಲ್ಲಿ, ಕೂಸು ಹೋದ ಮೂರನೆಯ ದಿನ ಶೀಲಾ ಕೇಳಿದ್ದಳು, ಅವನ ಜೋಡೀನ ಮಣ್ಣಿಗೆ ಹಾಕೇವಿ ಬಿಡವ್ವ, ಅಂದುಬಿಟ್ಟಳು, ಕೂಸನ್ನು ಒಯ್ಯುವ ಮುಂಚೆ ತಾನೇ ಬಿಚ್ಚಿ ಸೆರಗಿನ ತುದಿಗೆ ಕಟ್ಟಿಕೊಂಡಿದ್ದಳಲ್ಲ, ಬೆಳ್ಳಿಯ ಆಸೆಗಲ್ಲ, ದೇವರಾಣೆ, ಕಡಗ ಇನ್ನೂ ಬೆಚ್ಚಗಿತ್ತು, ಅಷ್ಟನ್ನೂ ಮಣ್ಣಿಗೆ ಕೊಡಲು ಕೈ ಬರಲಿಲ್ಲ.

ಬರ್ರಿ ಬೀಗರ, ದೂರ ಯಾಕ ನಿಂತ್ರಿ, ಆರತಿ ಮಾಡ್ರಿ, ಬೀಗಿತ್ತಿ ಕರೆಯುತ್ತಾಳೆ, ಅದನ್ನ ಬಿಚ್ಚರಿ ಅನ್ನಲೇ, ಯಾಕ್ರಿ ಅಂದರೆ ಏನನ್ನಲಿ, ಸತ್ತ ಕೂಸಿನದ್ದನ್ನು ಬದುಕಿದ ಕೂಸಿಗೆ ತಂದಳು ತಾಯಿಯಾದವಳು, ಶಿಗ್ಗಾಂವಿಯ ಈ ಹಾಲ್ ತುಂಬ ಕಿವಿಗಳು, ಬಿಗಿ ಆಗೇತ್ರಿ ಅಂತ ಸುಳ್ಳು ಹೇಳಲೇ, ಎಲ್ಲಿಯ ಬಿಗಿ, ಅಳತೆ ತೆಗೆದು ಮಾಡಿಸಿದಂತೆ ಕೂತಿದೆ. ಚನ್ನೇಶ, ಚನ್ನೇಶ — ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಕರೆಯುತ್ತಾಳೆ, ಹೆಂಗಸರು ಅವಳ ಬೆನ್ನಿಗೆ ಗುದ್ದಿ ನಗುತ್ತಾರೆ, ಸರೋಜವ್ವನೂ ನಗುತ್ತಾಳೆ, ನಗದಿದ್ದರೆ ಯಾರಾದರೂ ಮುಖ ನೋಡಿಯಾರು. ಆ ಕೂಸಿನ ಕಡಗದ ಕೊಕ್ಕೆ ಸಡಿಲಾಯಿತೆಂದು ಗುಂಡುಕಲ್ಲು ತಗೊಂಡು ಕುಟ್ಟಿದವಳು ತಾನೇ, ಅಯ್ಯ ಅವ್ವಾ, ನಗ್ಗಿಸಿಬಿಟ್ಟೆಲ್ಲ, ಬೈದವಳು ಶೀಲಾ, ಆಮೇಲೆ ಅದೇ ಶೀಲಾ ಕೂಸಿಗೆ ಮೊಲೆಯೂಡಿಸುವಾಗಲೆಲ್ಲ ಆ ನಗ್ಗನ್ನು ಹೆಬ್ಬೆರಳಿನಿಂದ ಸವರುತ್ತ ಕೂತಿರುತ್ತಿದ್ದಳು, ಹಾಲು ಕುಡಿದು ಮಲಗಿದ ಮೇಲೂ, ಜ್ವರದ ಆ ಮೂರು ದಿನವೂ, ಹೆಬ್ಬೆರಳು ಅಲ್ಲೇ — ಬ್ಯಾಡ, ಈಗ ಕೂಸನ್ನು ಅವಳ ಕೈಗೆ ಕೊಡಬ್ಯಾಡ್ರಿ, ಅನ್ನಬೇಕು, ಈಗಲೇ ಅನ್ನಬೇಕು. ಕೊಟ್ಟರು. ಮಾಲತೇಶಣ್ಣನ ಕಡಗ ಎಷ್ಟ ಚಂದ ಒಪ್ಪೇತಿ ನೋಡಬೇ, ಶೀಲಾ ನಗುತ್ತಾಳೆ, ಕೂಸನ್ನು ಮಡಿಲಿಗೆ ಎಳೆದುಕೊಳ್ಳುತ್ತಾಳೆ, ಎಡಗಾಲು ಹಿಡಿಯುತ್ತಾಳೆ, ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಬೆಳ್ಳಿಯ ಮೇಲೆ ಜಾರುತ್ತ, ಕೊಕ್ಕೆಯ ಕಡೆಗೆ, ಕೊಕ್ಕೆಯ ಪಕ್ಕಕ್ಕೆ — ನಿಂತಿತು. ಹೆಬ್ಬೆರಳು ನಿಂತಿತು. ಆ ಹೆಬ್ಬೆರಳು.